ಮೆಲಿತಿನೆಯ ಮನೆಯ ನುಡಿಮಣೆ

ದೀಪದ ಬತ್ತಿ ಏರಿಸಿ, ಮಕ್ಕಳನ್ನು ಹತ್ತಿರ ಕೂರಿಸಿಕೊಂಡು, ನೇಮ ಹಿಡಿದವರೆಲ್ಲರೂ ಮನಸ್ಸಿಟ್ಟು ಕೇಳುವಂಥವರಾಗಿರಿ.

ಪೂರ್ವದಲ್ಲಿ, ಕರ್ತನ ಸಭೆಗೆ ಇನ್ನೂ ಗೋಪುರವಿಲ್ಲದೆ ಭಕ್ತರು ಮನೆಗಳಲ್ಲೇ ಕೂಡುತ್ತಿದ್ದ ಕಾಲದಲ್ಲಿ, ಫ್ರುಗ್ಯ ಸೀಮೆಯ ಒಂದು ಪಟ್ಟಣದಲ್ಲಿ ಮೆಲಿತಿನೆ ಎಂಬ ಗೃಹಿಣಿ ಇದ್ದಳು. ಗಂಡ ತೀರಿಕೊಂಡ ಮೇಲೆ ಕುರಿಮಂದೆ, ಗೋದಿಯ ಕಣಜ, ದೊಡ್ಡ ಪಡಸಾಲೆ ಅವಳ ಪಾಲಿಗೆ ಬಂದಿದ್ದವು. ದ್ರೋಸಿಸ್ ಎಂಬುವಳು ಒಬ್ಬಳೇ ಮಗಳು. ಭಾನುವಾರ ಬೆಳಗಾಗುತ್ತಲೇ ಸಭೆಯವರು ಆ ಪಡಸಾಲೆಯಲ್ಲಿ ಕೂಡಿ, ದೀಪ ಹಚ್ಚಿ, ಅದರ ಬಳಿ ಒಂದು ಮಣೆ ಇಡುವರು. ರೊಟ್ಟಿ ಮುರಿಯುವ ಮೊದಲು ಪವಿತ್ರಾತ್ಮನ ಪ್ರೇರಣೆಯಾದವರು, ಗಂಡಾಗಲಿ ಹೆಣ್ಣಾಗಲಿ, ಆ ಮಣೆಯ ಮೇಲೆ ಕೂತು ನುಡಿಯುವರು. ಉಳಿದವರು ಕೇಳಿ, ತೂಗಿ ನೋಡಿ, ಆಮೇನ್ ಅನ್ನುವರು. ಹೆಚ್ಚಾಗಿ ಮಣೆ ಏರುತ್ತಿದ್ದವಳು ತಾತಿಯ ಎಂಬ ವಿಧವೆ, ಪ್ರವಾದಿನಿ. ಅಳುವವರಿಗೆ ಅವಳ ಮಾತು ತಂಪು, ಬೀಗುವವರಿಗೆ ಬಿಸಿ.

ಹೀಗಿರಲು ದೊಡ್ಡ ನಗರದಿಂದ ಬೋಧಕನೊಬ್ಬನು ಬಂದು ಮೆಲಿತಿನೆಯ ಮನೆಯಲ್ಲಿ ಇಳಿದುಕೊಂಡನು. ಅವಳಿಗೆ ಅದೇ ಹೆಮ್ಮೆ. ಊಟಕ್ಕೆ ಕೂತವನು, ಹೆಂಗಸರು ಸಭೆಯಲ್ಲಿ ಬಾಯಿ ತೆರೆಯುವ ಮನೆಗೆ ದೊಡ್ಡವರು ಬರಲು ಹಿಂಜರಿಯುತ್ತಾರೆ ಎಂದು ಮೆಲ್ಲಗೆ ಅಂದನು. ಅದು ಅವಳಿಗೆ ನಾಟಿತು. ಮಣೆಯನ್ನು ಅಟ್ಟಕ್ಕೆ ಹಾಕಿಸಿ, ತಾತಿಯ ಬಂದಾಗ ಅಡುಗೆಮನೆಯ ಕಡೆ ಕೈ ತೋರಿಸಿದಳು. ತಾತಿಯ ತನ್ನ ಪಾಲಿನ ರೊಟ್ಟಿ ತೆಗೆದುಕೊಂಡು ಹೋದವಳು ಮತ್ತೆ ಬರಲಿಲ್ಲ. ಅದೇ ಬೆಳಗ್ಗೆ ದ್ರೋಸಿಸ್ ನುಡಿಯಲೆಂದು ಎದ್ದು ನಿಂತಳು. ತಾಯಿ ತೋಳು ಹಿಡಿದೆಳೆದು, "ನಾಲ್ಕು ಜನರ ಮುಂದೆ ನನ್ನ ಮಾನ ಕಳೆಯಬೇಡ," ಎಂದಳು.

ಅಂದಿನಿಂದ ಮಗಳಿಗೆ ಮಾತೇ ಹೊರಡಲಿಲ್ಲ. ವೈದ್ಯರು ಬಂದರು, ಕಷಾಯ ಕುಡಿಸಿದರು, ಫಲವಿಲ್ಲ. ಬೋಧಕನು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ, ಬೇರೊಂದು ಊರಿಗೆ ಹೊರಟುಹೋದನು. ಬಡವರು ಒಬ್ಬೊಬ್ಬರಾಗಿ ಬರುವುದು ಬಿಟ್ಟರು, ಪಡಸಾಲೆ ಬಿಕೋ ಎಂದಿತು. ಮಗಳು ಸನ್ನೆಯಲ್ಲಿ ನೀರು ಕೇಳುವಾಗಲೆಲ್ಲ ಮೆಲಿತಿನೆ ತಾನೇ ಓಡಿಹೋಗಿ ತಂದುಕೊಡುವಳು.

ಕಡೆಗೆ ತಡೆಯಲಾರದೆ, ಆಳುಗಳನ್ನು ಕರೆಯದೆ, ಬೆಟ್ಟದಾಚೆ ಕುರುಬರ ಹಟ್ಟಿಯಲ್ಲಿದ್ದ ತಾತಿಯಳ ಬಳಿಗೆ ಕಾಲ್ನಡಿಗೆಯಲ್ಲೇ ಹೋದಳು. ಪಾದಕ್ಕೆ ಬೀಳಹೋದವಳನ್ನು ತಾತಿಯ ಎತ್ತಿ ಕೂರಿಸಿ, ಹಾಲು ಕೊಟ್ಟಳು. ತನ್ನ ಮೇಲೆ ಸಿಟ್ಟಿಲ್ಲವೇ ಎಂದು ಮೆಲಿತಿನೆ ಕೇಳಿದಳು.

"ಇತ್ತು. ಈ ಬೆಟ್ಟ ಹತ್ತಿ ಇಳಿಯುತ್ತಾ ಕರಗಿತು. ನೀನು ಅಟ್ಟಕ್ಕೆ ಹಾಕಿದ್ದು ನನ್ನ ಮಣೆಯನ್ನಲ್ಲ, ಮೆಲಿತಿನೆ. ಕರ್ತನದು."

ಆಮೇಲೆ ನೇಮದ ಬಗೆಯನ್ನು ತಿಳಿಸಿದಳು: ತಾನು ನೋಯಿಸಿದವರ ಮನೆಗೆ ತಾನೇ ಹೋಗಿ ಕ್ಷಮೆ ಬೇಡಬೇಕು, ಮಣೆಯನ್ನು ತನ್ನ ಕೈಯಾರೆ ಇಡಬೇಕು, ಮನೆಯೊಡತಿ ಹೊಸ್ತಿಲ ಬಳಿ ಕೂರಬೇಕು, ಯಾರು ನುಡಿಯಬೇಕೆಂದು ತಾನು ಆರಿಸಬಾರದು, ನುಡಿದದ್ದು ಒಳ್ಳೆಯದಾದರೆ ಅಂದೇ ನಡೆಸಬೇಕು.

ಮೆಲಿತಿನೆ ಹಾಗೆಯೇ ಮಾಡಲು, ಜನ ಮರಳಿದರು, ತಾತಿಯಳೂ ಬಂದಳು. ಆದರೆ ಎಷ್ಟೋ ವಾರ ಮಣೆ ಬರಿದೇ ಉಳಿಯಿತು. ಮೆಲಿತಿನೆ ಬೇಸರಿಸದೆ ಹೊಸ್ತಿಲ ಬಳಿ ಕೂತಳು. ಒಂದು ಬೆಳಗ್ಗೆ ದ್ರೋಸಿಸ್ ತಾನಾಗಿ ಎದ್ದುಬಂದು ಮಣೆಯ ಮೇಲೆ ಕೂತಳು. ಬಾಯಿ ತೆರೆದು, "ಬಾಗಿಲಿಗೆ ಹಸಿದವರು ಬರುತ್ತಿದ್ದಾರೆ. ಅಮ್ಮಾ, ಕಣಜ ತೆಗೆ," ಎಂದಳು.

ಯಾರೋ ಬಾಗಿಲು ತೆರೆದು ನೋಡಿದರೆ ಬೀದಿಯಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಎಲ್ಲರೂ ಮೆಲಿತಿನೆಯ ಮುಖ ನೋಡಿದರು. ಅವಳು ಕಣ್ಣೊರೆಸಿಕೊಂಡು ಎದ್ದು, ಕಣಜ ತೆಗೆಸಿ, ಒಲೆಗಳನ್ನು ಹೊತ್ತಿಸಿದಳು. ಹೊತ್ತು ನೆತ್ತಿಗೇರುವಷ್ಟರಲ್ಲಿ, ಭೂಮಿ ನಡುಗಿ ಮನೆಗಳುರುಳಿದ ನೆರೆಯೂರಿನ ಜನ, ಕೂಸುಗಳನ್ನು ಎತ್ತಿಕೊಂಡು, ಮೈಯೆಲ್ಲ ಧೂಳಾಗಿ ಬೀದಿಯ ತುದಿಯಲ್ಲಿ ಕಾಣಿಸಿಕೊಂಡರು. ರೊಟ್ಟಿ ಇನ್ನೂ ಬಿಸಿಯಾಗಿತ್ತು.

ಆ ಜನ ಅಲ್ಲೇ ನೆಲೆಸಿ ಅವಳ ಹೊಲ ಉತ್ತರು, ಮಂದೆ ಕಾಯ್ದರು, ಕಣಜ ಮತ್ತೆ ತುಂಬಿತು. ದ್ರೋಸಿಸ್ ಪ್ರವಾದಿನಿಯಾಗಿ ಸೀಮೆಗೆಲ್ಲ ಹೆಸರಾದಳು. ಮೆಲಿತಿನೆ ಮುಪ್ಪಿನವರೆಗೂ ಮಗಳ ಮಾತು ಕೇಳುತ್ತಾ ಸುಖವಾಗಿದ್ದಳು.

ಈ ಕಥೆಯನ್ನು ಓದಿದವರ, ಓದಿಸಿ ಕೇಳಿದವರ ಮನೆಯ ಹೆಣ್ಣುಮಕ್ಕಳ ಬಾಯಲ್ಲಿ ಕರ್ತನು ಸತ್ಯವನ್ನಿಡಲಿ. ಹಸಿದು ಬಂದವರಿಗೆ ಆ ಮನೆಯಲ್ಲಿ ಅನ್ನವಿರಲಿ. ಮೆಲಿತಿನೆಗೆ ದೊರೆತ ಫಲವೇ ನಮಗೂ ನಿಮಗೂ ದೊರೆಯಲಿ. ಆಮೇನ್.