ಅವ್ವನ ಕಾದಂಬರಿ ತಿದ್ದಿದ ಚಂದ್ರಾಮ

ಚಂದ್ರಾಮ ಅಂತ ಒಬ್ಬ ಇದ್ದ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು, ಕೂದಲೆಳೆಯಷ್ಟು ಹೆಚ್ಚಿಲ್ಲ, ಕಡಿಮೆ ಇಲ್ಲ. ಅವನ ಅವ್ವ ಬಸಲಿಂಗವ್ವ ಸಾಲಿ ಟೀಚರು. ನೌಕರಿ ಮುಗಿದ ಮೇಲೆ ಹೊಳೆದಂಡೆಯ ಒಂದು ಊರನ್ನು ಮನಸ್ಸಿನಲ್ಲೇ ಕಟ್ಟಿ ಕಾದಂಬರಿ ಬರೆದಳು. ಬರೆದು ಮುಗಿಸುವಷ್ಟರಲ್ಲಿ ಕಣ್ಣು ಹೋದವು. ತಿದ್ದುವುದು ಉಳಿಯಿತು. ಮನೆಯಲ್ಲಿ ಇರುವವನು ಮಗನೊಬ್ಬನೇ. ಏನು ಮಾಡ್ತಾಳೆ?

"ನೋಡಪ್ಪಾ, ಕಥಿ ನಾಯಕಿ ಮಂದಾರಳ ಕಣ್ಣು ಒಂದ ಕಡೆ ಕಪ್ಪು ಅಂತ ಬರದೀನಿ, ಇನ್ನೊಂದ ಕಡೆ ಕಂದು ಅಂತ. ಎಲ್ಲಾ ಕಡೆ ಕಣ್ಣು ಒಂದ ಮಾಡು."

ಚಂದ್ರಾಮ ಕೂತು ಇಡೀ ಪುಸ್ತಕ ಹೊಸದಾಗಿ ಬರೆದ. ಓದಿ ಹೇಳಿದ: "ಮಂದಾರ ತನ್ನ ಒಂದೇ ಕಣ್ಣಿನಿಂದ ಹೊಳೆ ನೋಡಿದಳು."

ಅವ್ವ ಹಣೆ ಬಡಿದುಕೊಂಡಳು. "ನನ್ನ ಕಣ್ಣು ಹೋದದ್ದು ಸಾಲದಂತ ಅಕಿದೂ ಕಿತ್ತಿಯೇನೋ ಪೆದ್ದಾ? ಮೊದಲ ಅಧ್ಯಾಯ ನೋಡು. ಅಲ್ಲಿ ಹೆಂಗೈತೋ ಕಡೀತನಕ ಹಂಗ ಇರಬೇಕು."

"ಹೂಂ" ಅಂದ. ಮೊದಲ ಅಧ್ಯಾಯದಲ್ಲಿ ಮಂದಾರ ತೊಟ್ಟಿಲ ಕೂಸು. ಕಡೆಯ ಅಧ್ಯಾಯದಲ್ಲೂ ತೊಟ್ಟಿಲಲ್ಲೇ ಮಲಗಿ ಪಂಚರಿಗೆ ನ್ಯಾಯ ಹೇಳಿದಳು. ನಡುವೆ ಹೊಳೆಪಾಲಾದ ಅಂಬಿಗ ಕಲ್ಲಪ್ಪ, ಮೊದಲಿನಂತೆಯೇ ಹುಟ್ಟು ಹಾಕುತ್ತ, ತನ್ನ ಹೆಣವನ್ನು ತಾನೇ ದಡ ಸೇರಿಸಿದ.

ಈ ಸಲ ಅವ್ವ ಬೈಯಲಿಲ್ಲ. ಹಾಳೆಗಳ ಮೇಲೆ ಕೈಯಾಡಿಸುತ್ತ ಅತ್ತಳು. ಹೇಳಿದಂತೆಯೇ ಮಾಡಿದರೂ ಅಳುತ್ತಾಳಲ್ಲ ಅಂತ ಚಂದ್ರಾಮನಿಗೂ ಅಳು ಬಂತು.

"ಸತ್ತವರು ಮತ್ತ ಬರಬಾರದೋ ನನ್ನಪ್ಪಾ," ಅಂದಳು ಕೊನೆಗೆ. "ನನ್ನ ಹಳೇ ಪ್ರತಿ ಇಟಗೊಂಡು ಮತ್ತ ಬರಿ. ಸತ್ತ ಮ್ಯಾಲೆ ಅವರ ಹೆಸರು ಕಂಡಲ್ಲೆಲ್ಲ ಹೊಡದ ಹಾಕು."

ಅಚ್ಚರಿ ಏನೆಂದರೆ, ಈ ಸಲ ಅವನು ಸರಿಯಾಗಿಯೇ ಮಾಡಿದ. ಮಂದಾರಳ ಎರಡೂ ಕಣ್ಣು ಕಪ್ಪಾದವು, ಅವಳು ದೊಡ್ಡವಳಾದಳು, ಮುಳುಗಿದ ಕಲ್ಲಪ್ಪ ಮೇಲೇಳಲಿಲ್ಲ. ಓದಿ ಹೇಳಬೇಕು, ಅವ್ವ ನಗಬೇಕು ಅಂತ ಬೆಳಿಗ್ಗೆ ಎಬ್ಬಿಸಲು ಹೋದ. ಅವ್ವ ಏಳಲಿಲ್ಲ.

ಮಣ್ಣು ಮಾಡಿ ಬಂದು ಹಸ್ತಪ್ರತಿ ಮುಂದಿಟ್ಟುಕೊಂಡು ಕೂತ. ಮೇಲಿನ ಹಾಳೆಯಲ್ಲೇ ಇತ್ತು: ಬಸಲಿಂಗವ್ವ. ಬಹಳ ಹೊತ್ತು ನೋಡಿದ. ಪೆನ್ನು ತೆಗೆದುಕೊಂಡು ಹೊಡೆದು ಹಾಕಿದ.

"ಬರೆದವರ ಹೆಸರು?" ಪ್ರೆಸ್ಸಿನವನು ಕೇಳಿದ.

"ಸತ್ತಾರ್ರಿ. ಬರಬಾರದು."

ಪುಸ್ತಕ ಬಂತು. ಚಂದ್ರಾಮ ಮನೆಗೆ ತಂದು, ಹೆಸರು ಎಲ್ಲಾದರೂ ಉಳಿದಿದೆಯೋ ಅಂತ ಮೊದಲಿಂದ ಕಡೆಯವರೆಗೆ ಹುಡುಕಿದ. ಎಲ್ಲೂ ಇರಲಿಲ್ಲ. ಹೇಳಿದ್ದನ್ನು ಹೇಳಿದಂತೆ ಮಾಡಿ ಮುಗಿಸಿದ್ದ. ಬೈಯುವವರೂ ಯಾರೂ ಇರಲಿಲ್ಲ.