ಮೊದಲ ಹೆಸರಿನ ಫೋನ್ ನಂಬರು

ಶಮಶಾದಬಿ ಗದಗಿನ ಒಂದು ಕಾಲೇಜಿನಲ್ಲಿ ಲೈಬ್ರರಿ ಕ್ಲರ್ಕು. ಹಳ್ಳಿ ಲೈಬ್ರರಿಗಳಿಗೆಂದು ಆಕೆ ಬರೆದ ತಂತ್ರಾಂಶ ಎಲ್ಲರಿಗೂ ಪುಕ್ಕಟೆ. ಯಾರು ಬೇಕಾದರೂ ತಿದ್ದುಪಡಿ ಕಳಿಸಬಹುದು. ಆಕೆ ನೋಡಿ ಸೇರಿಸುತ್ತಾಳೆ, ಕಳಿಸಿದವರ ಹೆಸರನ್ನು ತಂತ್ರಾಂಶದ ಪಟ್ಟಿಯಲ್ಲಿ ಹಾಕುತ್ತಾಳೆ.

ಒಂದು ದಿನ ಪ್ರಿನ್ಸಿಪಾಲರು ಕರೆಸಿದರು. "ಸೋಮವಾರ ತಪಾಸಣೆಗೆ ಬರ್ತಾರ. ನಿನ್ನ ತಂತ್ರಾಂಶದ ಪಟ್ಟಿಯೊಳಗ ನಮ್ಮ ಅರವತ್ತೂ ಹುಡುಗರ ಹೆಸರು ಇರಬೇಕು. ಎಲ್ಲಾರಕಿಂತ ಮ್ಯಾಲ ನಂದು!"

"ಆಗಲ್ರಿ ಸರ್. ಆದ್ರ ಮೊದಲ ಹೆಸರಿನ ಮುಂದ ಫೋನ್ ನಂಬರ್ ಇರ್ತದ. ಏನರ ಕೆಟ್ರ ಹಳ್ಳಿಯವರು ಅದಕ್ಕ ಫೋನ್ ಹಚ್ತಾರ."

"ಹಾಕವ್ವ, ದೊಡ್ಡದಾಗೇ ಹಾಕು!"

ಸಂಜೆಯೊಳಗೆ ಹುಡುಗರ ತಿದ್ದುಪಡಿಗಳ ರಾಶಿ ಬಿತ್ತು. ಒಬ್ಬ ಒಂದು ಚುಕ್ಕಿ ಇಟ್ಟಿದ್ದ. ಇನ್ನೊಬ್ಬ ಅದೇ ಚುಕ್ಕಿ ತೆಗೆದಿದ್ದ. ದಾನೇಶ್ವರಿ ಎಂಬ ಹುಡುಗಿಯದೊಂದೇ ಕೆಲಸಕ್ಕೆ ಬರುವಂಥದ್ದು. ಶಮಶಾದಬಿ ಎಲ್ಲರ ಹೆಸರೂ ಹಾಕಿದಳು, ಎಲ್ಲಕ್ಕೂ ಮೇಲೆ ಪ್ರಿನ್ಸಿಪಾಲರದು, ನಂಬರಿನ ಸಮೇತ.

ತಪಾಸಣೆ ಮುಗಿಯಿತು, ಫೋನು ಶುರುವಾಯಿತು. "ಪುಸ್ತಕ ವಾಪಸ್ ಕೊಟ್ರೂ ನನ್ನ ಹೆಸರಿನಾಗ ತೋರಸ್ತದ್ರಿ, ಇನ್ನೊಂದು ಕೊಡವಲ್ರು" ಅಂತ ಹಳ್ಳಿಯ ಅಜ್ಜನೊಬ್ಬ ದಿನಕ್ಕೆ ಮೂರು ಸಲ ಪ್ರಿನ್ಸಿಪಾಲರನ್ನು ಹಿಡಿದ. ಕಂಗಾಲಾದ ಅವರು ಚುಕ್ಕಿ ಹುಡುಗರನ್ನೆಲ್ಲ ಎಳೆತಂದು ಕಂಪ್ಯೂಟರಿನ ಮುಂದೆ ಕೂರಿಸಿದರು. ದಾನೇಶ್ವರಿ ಹೇಳಿಕೊಟ್ಟಳು. ನಾಲ್ಕನೇ ದಿನಕ್ಕೆ ಹುಡುಗರೇ ತಪ್ಪು ಹುಡುಕಿ ತಿದ್ದಿದರು.

ಮತ್ತೆ ಅಜ್ಜನ ಫೋನು. "ಸರಿಹೋತ್ರಿ ಸಾಹೇಬ್ರ. ಇನ್ನೊಂದು ಪುಸ್ತಕ ಸಿಕ್ತು. ನಿಮ್ಮ ಹುಡುಗರು ತಣ್ಣಗಿರಲಿ."

ಪ್ರಿನ್ಸಿಪಾಲರು ಲೈಬ್ರರಿಗೆ ನಡೆದು ಬಂದರು.

"ನನ್ನ ಹೆಸರು ಹುಡುಗರ ಕೆಳಗ ಹಾಕವ್ವ."

"ನಂಬರ್ ತೆಗೀಲೇನ್ರಿ ಸರ್?"

"ಬ್ಯಾಡ. ಅದು ಮ್ಯಾಲೇ ಇರಲಿ. ಅಜ್ಜ ಮತ್ತ ಫೋನ್ ಹಚ್ಚಿದ್ರ ನಾನು ಸಿಗಬ್ಯಾಡೇನು?"