ತೇಗಿದ ಯಂತ್ರ

ಒಂದು ಕಾಡಿನಲ್ಲಿ ಒಂದು ಪಾಲಿಟೆಕ್ನಿಕ್ ಇತ್ತು. ನಗಬೇಡಿ, ನಿಜವಾಗಿಯೂ ಇತ್ತು. ಯಾವ ಕಾಡು ಅಂತ ಮಾತ್ರ ಕೇಳಬೇಡಿ. ಕೊನೆಯ ವರ್ಷದವರೆಲ್ಲ ಅಲ್ಲಿ ಒಂದು ಪ್ರಾಜೆಕ್ಟ್ ಮಾಡಿ ತೋರಿಸಬೇಕಿತ್ತು. ಆ ವರ್ಷ ಕೊಟ್ಟದ್ದು, ತಾನೇ ತಾನಾಗಿ ಓಡುತ್ತಾ ಸಾಮಾನು ಸಾಗಿಸುವ ಕನ್ವೇಯರ್ ಪಟ್ಟಿ. ಪುಟ್ಟ ಮಾದರಿಯಾದರೆ ಸಾಕು. ಆದರೆ ಓಡುವ ಪಟ್ಟಿಗೆ ಯಾರೂ ಕೈ ಹಚ್ಚುವ ಹಾಗಿಲ್ಲ.

ನಾಣಿ ಎಂಬ ನರಿ ಆಗಲೇ ಎರಡು ಸಲ ಫೇಲಾಗಿದ್ದ. ಈ ಸಲವೂ ಹೋದರೆ ತಂಗಿಯ ಮಗನ ಬೆಂಚಿನಲ್ಲೇ ಕೂರಬೇಕು. ಆ ಪೋರನೋ, ಎಲ್ಲರೆದುರು "ಮಾವಾ, ಹೋಮ್‌ವರ್ಕ್ ಆಯ್ತಾ?" ಅಂತ ಕೇಳುವವನು.

ಒಂದು ಬೆಳಿಗ್ಗೆ ನಾಣಿ ಹೊಳೆಯ ಕಡೆ ಹೋದ. ಅವನ ಸಹಪಾಠಿ ತುಂಗಿ ಎಂಬ ನೀರುನಾಯಿ ಅಲ್ಲಿ ಕೆಲಸದಲ್ಲಿದ್ದಳು. ನೀರು ಒಂದು ಬಿದಿರಿನ ಚಕ್ರವನ್ನು ತಿರುಗಿಸುತ್ತಿತ್ತು. ಚಕ್ರ ಒಂದು ಉರುಳೆಯನ್ನು ತಿರುಗಿಸುತ್ತಿತ್ತು. ಉರುಳೆಯ ಮೇಲೆ ಬಾಳೆನಾರಿನ ಪಟ್ಟಿ ಓಡುತ್ತಿತ್ತು. ಪಟ್ಟಿಯ ಮೇಲೆ ಒಂದು ನೆಲ್ಲಿಕಾಯಿ ರಾಜನ ಗತ್ತಿನಲ್ಲಿ ಕೂತು ಬರುತ್ತಿತ್ತು.

ನಾಣಿ ಬಾಯಿ ತೆರೆದವನು ಮುಚ್ಚುವುದನ್ನೇ ಮರೆತ. ಒಂದು ನೊಣ ಒಳಗೆ ಹೋಗಿ, ಸುತ್ತಾಡಿ, ಬೇಜಾರಾಗಿ ಹೊರಗೆ ಬಂತು. ಅವನಿಗೆ ತಿಳಿಯಲೇ ಇಲ್ಲ.

"ಮಾಟ ಗೀಟ ಮಾಡಿಸಿದ್ದೀಯೇನೇ ಇದಕ್ಕೆ?"

"ಬರೀ ನೀರು ಕಣೋ. ಬಾ, ಹೇಳ್ಕೊಡ್ತೀನಿ. ಮೊದಲು ಈ ಬಿದಿರು ಸೀಳು."

ಸೀಳುವ ಮಾತು ಬಂದದ್ದೇ ತಡ, ನಾಣಿಗೆ ಬೆರಗು ಇಳಿದು ಬೆನ್ನುನೋವು ಶುರುವಾಯಿತು. "ನನ್ನದು ಬೇರೆ ಟೆಕ್ನಾಲಜಿ," ಎಂದು ಜಾಗ ಖಾಲಿ ಮಾಡಿದ.

ಆ ಟೆಕ್ನಾಲಜಿ ಹೀಗಿತ್ತು. ಒಂದು ಟೊಳ್ಳು ದಿಮ್ಮಿ. ಅದರೊಳಗೆ ಹಾದುಹೋಗುವ ಪಟ್ಟಿ. ಒಳಗೆ ಕೂತು ಪಟ್ಟಿ ಎಳೆಯಲು ಆರೇಳು ಇಲಿಗಳು.

"ಪರೀಕ್ಷೆ ಮುಗಿದ ಮೇಲೆ ಹೊಟ್ಟೆ ತುಂಬ ಊಟ," ಎಂದ ನಾಣಿ.

"ಈಗಲೇ ಕೊಡಣ್ಣಾ," ಎಂದಿತು ಅವುಗಳಲ್ಲೊಂದು ದಪ್ಪ ಇಲಿ.

"ತಿಂದ್ರೆ ನಿದ್ದೆ ಹೊಡೀತೀರಿ. ಖಾಲಿ ಹೊಟ್ಟೇಲಿದ್ರೆ ಚುರುಕಾಗಿರ್ತೀರಿ."

ಪರೀಕ್ಷೆಗೆ ಪಕ್ಕದ ಕಾಡಿನಿಂದ ಎಕ್ಸ್‌ಟರ್ನಲ್ ಎಕ್ಸಾಮಿನರ್ ಬಂದರು. ಅವರು ಆಮೆ ಮೇಡಂ. ಹೋದ ವರ್ಷದ ಪರೀಕ್ಷೆಗೆಂದು ಹೊರಟವರು ಈ ವರ್ಷದ್ದಕ್ಕೆ ಸರಿಯಾಗಿ ತಲುಪಿದ್ದರು. ಎಕ್ಸ್‌ಟರ್ನಲ್ ಬಂದರೆ ತಿಂಡಿ ಕೊಟ್ಟು ಖುಷಿಪಡಿಸುವುದು ಅಲ್ಲಿಯ ಹಳೆಯ ಪದ್ಧತಿ. ನಾಣಿ ಅದಕ್ಕಿಂತ ಒಂದು ಕೈ ಮುಂದೆ ಹೋದ. ಘಮಘಮ ಹುರಿದ ಹಲಸಿನ ಬೀಜಗಳನ್ನೇ ಪಟ್ಟಿಯ ಮೇಲೆ ಸಾಲಾಗಿ ಇಟ್ಟ. ಬೀಜ ಸೀದಾ ಮೇಡಂ ಬಾಯಿಯ ಹತ್ತಿರವೇ ಇಳಿಯಬೇಕು!

"ಓಡು!" ಎಂದ. ಪಟ್ಟಿ ಓಡಿತು.

"ನಿಲ್ಲು!" ನಿಂತಿತು.

ನೋಡಲು ನೆರೆದಿದ್ದ ಇಡೀ ಕಾಡು ಬೆರಗಾಯಿತು. ಕರಡಿಗಳು ಕೈಮುಗಿದವು.

ಮತ್ತೆ "ಓಡು!" ಎಂದ. ದಿಮ್ಮಿಯೊಳಗೆ ಹೋದ ಮೊದಲ ಬೀಜ ಆಚೆ ಬಂತು. ಎರಡನೆಯದು ಅರ್ಧ ಬಂತು. ಆಮೇಲೆ ಬಂದದ್ದು ಬರೀ ಸಿಪ್ಪೆ.

"ಅಬ್ಬಬ್ಬಾ, ಸುಲಿದೂ ಕೊಡತ್ತೆ!" ಎಂದಿತು ಒಂದು ಮೊಲ.

ನಾಣಿಯ ಬಾಯಿ ಮಾತ್ರ ಸೋಲಲಿಲ್ಲ. "ಹೌದು ಮೇಡಂ, ಸುಲಿಯೋದೂ ಆಟೋಮ್ಯಾಟಿಕ್!"

ಆಮೆ ಮೇಡಂ ನಿಧಾನವಾಗಿ ಕತ್ತು ಹೊರಚಾಚಿದರು. "ಬಹಳ ಸಂತೋಷ ಕಣಪ್ಪಾ. ಸುಲಿದ ಬೀಜ ಎಲ್ಲಿ?"

"ಅದು... ಅದು ಮೆಷೀನಿಗೆ ಇಂಧನ ಮೇಡಂ."

ಆಗ ದಿಮ್ಮಿಯೊಳಗಿಂದ ಉದ್ದನೆಯ ತೇಗೊಂದು ಕೇಳಿಸಿತು. ಪಟ್ಟಿ ನಿಂತೇಹೋಯಿತು. "ಓಡು! ಓಡೋ!" ಎಂದು ನಾಣಿ ಅರಚಿದ.

"ಹೋಗಣ್ಣಾ, ಹೊಟ್ಟೆ ಭಾರ ಆಗಿದೆ," ಎಂದಿತು ಒಳಗಿನಿಂದ ದಪ್ಪ ಇಲಿ.

ಕಾಡು ನಕ್ಕ ನಗುವಿಗೆ ಹತ್ತಿರದ ಆಲದ ಮರದ ಎಲೆಯೆಲ್ಲ ಉದುರಿತು. ಮೇಡಂ ಮಾತ್ರ ನಗಲಿಲ್ಲ. "ಫೇಲ್," ಎಂದರು. ಜೀವಮಾನದಲ್ಲಿ ಅವರು ತಡಮಾಡದೆ ಮಾಡಿದ ಕೆಲಸ ಅದೊಂದೇ.

ಆಮೇಲೆ ತುಂಗಿಯ ಸರದಿ. ಎಲ್ಲರೂ ಹೊಳೆಯ ದಡಕ್ಕೆ ಬಂದರು. ತುಂಗಿ ನೀರಿಗೆ ಅಡ್ಡವಿದ್ದ ಕಲ್ಲನ್ನು ತೆಗೆದು, ದೂರ ಸರಿದು ಕೂತಳು. ಚಕ್ರ ತಿರುಗಿತು. ಕೊಳವೆಯಲ್ಲಿ ತುಂಬಿಟ್ಟಿದ್ದ ನೆಲ್ಲಿಕಾಯಿಗಳು ಒಂದೊಂದಾಗಿ ಪಟ್ಟಿಗಿಳಿದು, ಸಾಗಿ, ತುದಿಯಲ್ಲಿ ತೂಗುತ್ತಿದ್ದ ಬುಟ್ಟಿಗೆ ಬಿದ್ದವು. ಬುಟ್ಟಿ ತುಂಬಿತು. ಭಾರಕ್ಕೆ ಕೆಳಗಿಳಿಯಿತು. ಅದಕ್ಕೆ ಕಟ್ಟಿದ್ದ ಬಳ್ಳಿ ಒಂದು ಹಲಗೆಯನ್ನು ನೀರಿಗೆ ಅಡ್ಡ ಎಳೆಯಿತು. ನೀರು ಬೇರೆ ದಾರಿ ಹಿಡಿಯಿತು. ಚಕ್ರ ನಿಂತಿತು, ಪಟ್ಟಿಯೂ ನಿಂತಿತು. ಮೇಡಂ ಬುಟ್ಟಿ ಬರಿದು ಮಾಡಿದರು. ಬುಟ್ಟಿ ಮೇಲೆದ್ದಿತು, ಹಲಗೆ ಸರಿಯಿತು, ಎಲ್ಲವೂ ಮತ್ತೆ ಓಡತೊಡಗಿತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ತಟ್ಟಬೇಕೆಂಬುದೇ ಎಲ್ಲರಿಗೂ ಮರೆತುಹೋಗಿತ್ತು.

ತುಂಗಿ ಪಾಸಾದಳು. ಎಲ್ಲರೂ ಹೋದರೂ ನಾಣಿ ಅಲ್ಲೇ ಕೂತಿದ್ದ.

"ಬುಟ್ಟಿ ತುಂಬಿದ್ದು ನೀರಿಗೆ ಹೇಗೇ ಗೊತ್ತಾಗತ್ತೆ?"

"ನೀರಿಗೇನೂ ಗೊತ್ತಾಗಲ್ಲ ಕಣೋ. ಎಷ್ಟು ಭಾರಕ್ಕೆ ಇಳೀಬೇಕು ಅಂತ ಬುಟ್ಟಿಗೆ ನಾನು ಕಲಿಸಿದೆ. ಮಳೆಗಾಲ ಪೂರ್ತಿ ಕಲಿಸಿದೆ."

ಕೊಳವೆಯ ಕಾಯಿ ಮುಗಿದಿತ್ತು, ಬುಟ್ಟಿ ತುಂಬಲು ಇನ್ನೊಂದೇ ಕಾಯಿ ಬೇಕಿತ್ತು. ನಾಣಿ ತನ್ನ ಕೈಯಾರೆ ಒಂದು ನೆಲ್ಲಿಕಾಯಿಯನ್ನು ಮೆಲ್ಲಗೆ ಅದರಲ್ಲಿಟ್ಟ. ಬುಟ್ಟಿ ಇಳಿಯಿತು. ಅಷ್ಟು ಪುಟ್ಟ ಕಾಯಿಗೆ ಅಷ್ಟೊಂದು ನೀರು ದಾರಿ ಬದಲಿಸಿತು. ನಾಣಿಯ ಬಾಲದ ಕೂದಲೆಲ್ಲ ನೆಟ್ಟಗೆ ನಿಂತಿತು.

ನೀತಿ: ಮೋಸದಿಂದ ತೋರಿಸಿದ ಜಾಣತನ ಪರೀಕ್ಷೆಯ ಹೊತ್ತಿಗೆ ಕೈಕೊಡುತ್ತದೆ, ತಾನೇ ಮಾಡಿ ಕಲಿತ ವಿದ್ಯೆ ಕೊನೆಯವರೆಗೂ ನಿಲ್ಲುತ್ತದೆ.